ಪಶ್ಚಾತ್ತಾಪ: ಸರಿಯಾಗಿ ಬರೆಯುವುದು ಹೇಗೆ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು

ಮಂಡ್ಯದ ಹೈಸ್ಕೂಲುಗಳಲ್ಲಿ ಬಹಳ ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಈಗಲೂ ಸಂಜೆ ಹೊತ್ತು ಜಗಲಿಗೆ ಜನ ಬರುತ್ತಾರೆ. ಒಬ್ಬರಿಗೆ ಅರ್ಜಿ ಬೇಕು, ಇನ್ನೊಬ್ಬರಿಗೆ ನೋಟಿಸಿಗೆ ಉತ್ತರ ಬೇಕು, ಮತ್ತೊಬ್ಬರು ಮೊಮ್ಮಗಳ ನೋಟ್‌ಬುಕ್ ಹಿಡಿದು ಬಂದಿರುತ್ತಾರೆ. ಇವರೆಲ್ಲರೂ ಮತ್ತೆ ಮತ್ತೆ ಎಡವುವ ಪದ ಒಂದಿದೆ: ಪಶ್ಚಾತ್ತಾಪ. ಕೆಲವರು ಅಕ್ಷರ ತಪ್ಪಿಸುತ್ತಾರೆ. ಹೆಚ್ಚಿನವರು ಅಕ್ಷರ ಸರಿಯಾಗಿ ಬರೆದು, ಬರೆಯಬಾರದ ಕಡೆ ಬರೆಯುತ್ತಾರೆ. ಎರಡನೆಯ ತಪ್ಪಿನಿಂದ ಸಂಬಂಧಗಳು ಕೆಟ್ಟಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕಾಗಿಯೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಎಲ್ಲರೂ ಮಾಡುವ ಮೂಲ ತಪ್ಪು ಒಂದೇ. ಪದವನ್ನು ಮೊದಲು ಆರಿಸಿಕೊಂಡು, ನಡೆದದ್ದನ್ನು ಆಮೇಲೆ ಅದಕ್ಕೆ ಹೊಂದಿಸಲು ಹೋಗುತ್ತಾರೆ. ಕೆಲಸ ಆಗಬೇಕಾದ್ದು ಹಿಂದುಮುಂದಾಗಿ: ಏನು ನಡೆಯಿತು ಎಂದು ಮೊದಲು, ಯಾರು ಮಾಡಿದರು ಎಂದು ಆಮೇಲೆ, ಪದ ಕೊನೆಗೆ. ಕೆಳಗಿನ ಹಂತಗಳ ಅನುಕ್ರಮವನ್ನು ದಯವಿಟ್ಟು ಬದಲಾಯಿಸಬೇಡಿ.

ಮೊದಲು ಇಟ್ಟುಕೊಳ್ಳಬೇಕಾದ್ದು

ಒಂದು ಹಾಳೆ, ಒಂದು ಪೆನ್ನು. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದಾದರೂ ಮೊದಲ ಕರಡು ಕೈಯಲ್ಲೇ ಇರಲಿ. ಮೊಬೈಲಿನಲ್ಲಿ ಎರಡಕ್ಷರ ಒತ್ತಿದ ಕೂಡಲೇ ಅದು ತಾನೇ ಒಂದು ಪದ ಮುಂದಿಡುತ್ತದೆ, ನಾವು ಅದನ್ನೇ ಒತ್ತಿಬಿಡುತ್ತೇವೆ.

ಜೊತೆಗೆ ಒಂದು ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಷ್ಟು ದೊಡ್ಡದು, ಮನೆಯಲ್ಲಿ ಇರುವುದು ಅಪರೂಪ. ಪರಿಷತ್ತಿನದೇ ಸಂಕ್ಷಿಪ್ತ ನಿಘಂಟು ಸಾಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದ್ದರೆ ಅದೂ ಇರಲಿ, ಆದರೆ ಒಂದು ಎಚ್ಚರ. ಇಂಗ್ಲಿಷ್ ಪದ ಹುಡುಕಿದಾಗ ಪಶ್ಚಾತ್ತಾಪ, ವಿಷಾದ, ಅನುತಾಪ, ಪರಿತಾಪ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಸಾಲಿನಲ್ಲಿ ಒಟ್ಟಿಗೆ ಕೂತ ಮಾತ್ರಕ್ಕೆ ಒಂದರ ಬದಲು ಇನ್ನೊಂದು ಹಾಕಬಹುದು ಎಂದಲ್ಲ. ನಿಘಂಟನ್ನು ಅಕ್ಷರ ನೋಡಲು ತೆರೆಯಿರಿ. ಯಾವ ಪದ ಎಂಬ ತೀರ್ಮಾನ ನಿಮ್ಮದೇ.

ಹಂತ 1: ಪದವನ್ನು ಬಿಡಿಸಿ, ಅಕ್ಷರ ಗಟ್ಟಿ ಮಾಡಿಕೊಳ್ಳಿ

ಪಶ್ಚಾತ್ + ತಾಪ. ಪಶ್ಚಾತ್ ಎಂದರೆ ಆಮೇಲೆ, ಹಿಂದಿನಿಂದ. ತಾಪ ಎಂದರೆ ಕಾವು, ಬೇಗೆ. ಮಾಡುವಾಗ ಇಲ್ಲದ, ಮಾಡಿದ ಮೇಲೆ ಹತ್ತಿಕೊಳ್ಳುವ ಬೇಗೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಗಾದೆಯ ಎರಡನೇ ತುಂಡು ಅಕ್ಷರಶಃ ಪಶ್ಚಾತ್ ತಾಪವೇ. ಅಡುಗೆ ಆದಮೇಲೆ ಉರಿಯುವ ಒಲೆ.

ಬರೆಯುವಾಗ ನಾಲ್ಕು ಅಕ್ಷರ ಎಣಿಸಿ: ಪ, ಶ್ಚಾ, ತ್ತಾ, ಪ. ನಡುವಿನ ಎರಡಕ್ಕೂ ಒತ್ತು ಇದೆ, ಎರಡಕ್ಕೂ ದೀರ್ಘ ಇದೆ. ತೀರಾ ಹೆಚ್ಚು ಕಾಣುವ ತಪ್ಪು ‘ಪಶ್ಚಾತಾಪ’. ಒಂದು ತ್ ಪಶ್ಚಾತ್‌ಗೆ ಸೇರಿದ್ದು, ಇನ್ನೊಂದು ತ ತಾಪದ್ದು. ಎರಡೂ ಬೇಕು. ಎರಡನೆಯ ತಪ್ಪು ‘ಪಾಶ್ಚಾತ್ತಾಪ’. ಇದು ‘ಪಾಶ್ಚಾತ್ಯ’ ಎಂಬ ಪದದ ನೆನಪಿನಿಂದ ಬರುತ್ತದೆ. ಅದೂ ಪಶ್ಚಾತ್‌ನಿಂದಲೇ ಹುಟ್ಟಿದ ಪದ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬೆನ್ನ ಹಿಂದೆ ಇರುವುದು ಪಶ್ಚಿಮ. ಆದರೆ ಅಲ್ಲಿ ಮೊದಲಕ್ಷರಕ್ಕೆ ದೀರ್ಘ ಉಂಟು, ಇಲ್ಲಿ ಇಲ್ಲ. ‘ಪಶ್ಛಾ’ ಎಂದು ಮಹಾಪ್ರಾಣ ಹಾಕುವುದೂ ತಪ್ಪು, ಚ ಸಾದಾ ಚ.

ಮಾತಿನಲ್ಲಿ ನಮ್ಮ ಕಡೆ ‘ಪಚ್ಚಾತಾಪ’ ಅನ್ನುತ್ತಾರೆ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಮಾತು ಮಾತೇ. ಬರೆಯುವಾಗ ಮಾತ್ರ ನಾಲ್ಕಕ್ಷರ ಎಣಿಸಿ.

ಮೊಬೈಲಿಗೆ ಒಮ್ಮೆ ತಪ್ಪು ಕಾಗುಣಿತ ಅಭ್ಯಾಸವಾದರೆ ಪ್ರತಿ ಸಲ ಅದನ್ನೇ ಮುಂದಿಡುತ್ತದೆ. ಹಾಗೆ ಬಂದಾಗ ಆ ಸಲಹೆಯನ್ನು ಒತ್ತಿ ಹಿಡಿದು ಅಳಿಸಿಹಾಕಿ, ಸರಿಯಾದದ್ದನ್ನು ಎರಡು ಮೂರು ಸಲ ಟೈಪ್ ಮಾಡಿ.

ಹಂತ 2: ‘ಮಾಡಿದ್ದೋ’, ‘ಆದದ್ದೋ’ ತೀರ್ಮಾನಿಸಿ

ಇಡೀ ಮಾರ್ಗದರ್ಶಿಯಲ್ಲಿ ಇದೊಂದೇ ಹಂತ ಓದಿದರೂ ಸಾಕು ಎನ್ನುವಷ್ಟು ಇದು ಮುಖ್ಯ.

ನಡೆದದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಕಾರಣ, ಸಮಜಾಯಿಷಿ ಏನೂ ಬೇಡ. ಆಮೇಲೆ ಆ ಸಾಲಿನ ಕ್ರಿಯಾಪದಕ್ಕೆ ‘ಬಾರದಿತ್ತು’ ಸೇರಿಸಿ, ಮೊದಲಿಗೆ ‘ನಾನು’ ಇಟ್ಟು, ಗಟ್ಟಿಯಾಗಿ ಓದಿ. ‘ನಾನು ಅವಳಿಗೆ ಹಾಗೆ ಅನ್ನಬಾರದಿತ್ತು.’ ‘ನಾನು ಆ ದುಡ್ಡು ಮುಟ್ಟಬಾರದಿತ್ತು.’ ವಾಕ್ಯ ಸಲೀಸಾಗಿ ಬಂದರೆ, ಓದುವಾಗ ಗಂಟಲಲ್ಲಿ ಏನೋ ಅಡ್ಡ ಬಂದರೆ, ಪಶ್ಚಾತ್ತಾಪ ಎಂಬ ಪದ ಅಲ್ಲಿ ಸಲ್ಲುತ್ತದೆ.

‘ನಾನು’ ಇಡಲು ಆಗದೆ, ‘ಹಾಗೆ ಆಗಬಾರದಿತ್ತು’ ಎಂದಷ್ಟೇ ಹೇಳಲು ಸಾಧ್ಯವಾದರೆ ಅದು ವಿಷಾದ. ಮಳೆಗೆ ಬೆಳೆ ಹೋಯಿತು, ಬಸ್ಸು ಕೆಟ್ಟು ನಿಂತು ಮದುವೆಗೆ ಹೋಗಲಾಗಲಿಲ್ಲ, ಗೆಳೆಯನಿಗೆ ಅಪಘಾತವಾಯಿತು. ಇವು ಯಾವುವೂ ನೀವು ಮಾಡಿದ್ದಲ್ಲ. ದುಃಖ ನಿಜ, ಆದರೆ ಪಶ್ಚಾತ್ತಾಪ ಅಲ್ಲ.

ಮಾಡದೆ ಬಿಟ್ಟದ್ದಕ್ಕೆ ‘ಬೇಕಿತ್ತು’ ಹಾಕಿ ನೋಡಿ. ‘ಅಮ್ಮ ಕರೆದಾಗಲೇ ನಾನು ಊರಿಗೆ ಹೋಗಬೇಕಿತ್ತು.’ ಇದೂ ಪಶ್ಚಾತ್ತಾಪವೇ. ಆದರೆ ಇಲ್ಲೊಂದು ಕವಲು ಇದೆ, ಬಹಳ ಜನ ಇಲ್ಲಿ ದಾರಿ ತಪ್ಪುತ್ತಾರೆ. ‘ಮೈಸೂರಿನ ರಿಂಗ್ ರೋಡ್ ಪಕ್ಕ ಆಗಲೇ ಒಂದು ಸೈಟ್ ತಗೋಬೇಕಿತ್ತು’ ಎಂಬುದರಲ್ಲೂ ‘ನಾನು’ ಇದೆ, ‘ಬೇಕಿತ್ತು’ ಇದೆ. ಆದರೂ ಅದಕ್ಕೆ ಪಶ್ಚಾತ್ತಾಪ ಎನ್ನುವುದಿಲ್ಲ. ಆದದ್ದು ನಷ್ಟ, ಮಾಡಿದ್ದು ತಪ್ಪಲ್ಲ. ಕಳೆದುಕೊಂಡದ್ದಕ್ಕೆ ಆಡುವ ಮಾತು ಹಳಹಳಿಕೆ, ಪೇಚಾಟ. ‘ಸೈಟ್ ಹೋಯ್ತಲ್ಲ ಅಂತ ಪೇಚಾಡಿಕೊಂಡ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹಾಗಾಗಿ ಎರಡನೆಯ ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇದರಲ್ಲಿ ತಪ್ಪು ಇದೆಯೋ, ಬರೀ ನಷ್ಟ ಇದೆಯೋ?

‘ಅವನಿಗೆ ಸಾಲ ಕೊಟ್ಟು ಪಶ್ಚಾತ್ತಾಪ ಪಡ್ತಿದ್ದೀನಿ’ ಎಂದು ಜನ ಧಾರಾಳವಾಗಿ ಅನ್ನುತ್ತಾರೆ. ಬಳಕೆಯಲ್ಲಿ ಇದೆ, ಆಡುವಾಗ ನಾನು ತಿದ್ದುವುದಿಲ್ಲ. ಬರೆಯುವಾಗ ತಿದ್ದುತ್ತೇನೆ. ಕಷ್ಟದಲ್ಲಿದ್ದವನಿಗೆ ಕೈ ಹಿಡಿದದ್ದು ನಿಮ್ಮ ತಪ್ಪಲ್ಲ, ತಿರುಗಿ ಕೊಡದೆ ಇದ್ದದ್ದು ಅವನ ತಪ್ಪು. ನೀವು ಮಾಡಿದ ಒಳ್ಳೆಯ ಕೆಲಸಕ್ಕೆ ತಪ್ಪಿನ ಪದ ಅಂಟಿಸಬೇಡಿ.

ಈ ‘ಮಾಡು’, ‘ಆಗು’ ವ್ಯತ್ಯಾಸ ನಾನು ಪಾಠದಲ್ಲಿ ಕಲಿತದ್ದಲ್ಲ. ಮೇಷ್ಟ್ರಾಗಿದ್ದ ಮೊದಲ ವರ್ಷಗಳಲ್ಲಿ ಹೋಂವರ್ಕ್ ತಂದಿಲ್ಲ ಎಂದು ಒಬ್ಬ ಹುಡುಗನ ಅಂಗೈಗೆ ಬೆತ್ತದಲ್ಲಿ ಹೊಡೆದಿದ್ದೆ. ಅವನ ತಂದೆ ಆ ವಾರವೆಲ್ಲ ಆಸ್ಪತ್ರೆಯಲ್ಲಿದ್ದರು ಎಂದು ಆಮೇಲೆ ತಿಳಿಯಿತು. ಎಷ್ಟೋ ವರ್ಷದ ಮೇಲೆ ಅವನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ, ತಾನೇ ಬಂದು ಕಾಲು ಮುಟ್ಟಿದ. ನಾನು ‘ಅವತ್ತು ಹಂಗಾಗೋಯ್ತು ಕಣಪ್ಪ’ ಎಂದೆ. ಅವನು ತಲೆ ಆಡಿಸಿದ, ಏನೂ ಅನ್ನಲಿಲ್ಲ. ಬಸ್ಸು ಹೊರಟ ಮೇಲೆ ನನ್ನ ವಾಕ್ಯ ನನಗೇ ಕೇಳಿಸಿತು. ‘ಆಗೋಯ್ತು’ ಎಂದಿದ್ದೆ. ಬೆತ್ತ ಹಿಡಿದ ಕೈ ಯಾರದೆಂದು ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ. ‘ನಾನು ಹೊಡೀಬಾರದಿತ್ತು’ ಎಂದು ಅವನಿಗೆ ಹೇಳಲು ಇನ್ನೊಮ್ಮೆ ಅವನು ಸಿಗುವವರೆಗೆ ಕಾಯಬೇಕಾಯಿತು.

ಹಂತ 3: ನೆಂಟರ ಪದಗಳನ್ನು ಬೇರೆ ಮಾಡಿ

ತಾಪದ ಮನೆಯಲ್ಲಿ ಬಹಳ ಮಕ್ಕಳಿದ್ದಾರೆ, ಮುಖಗಳು ಒಂದೇ ಥರ. ಒಬ್ಬರ ಬದಲು ಇನ್ನೊಬ್ಬರನ್ನು ಕರೆದರೆ ಅನರ್ಥ.

ಅತ್ಯಂತ ಅಪಾಯದ ಜೋಡಿ ಪಶ್ಚಾತ್ತಾಪ ಮತ್ತು ಸಂತಾಪ. ಸಾವಿಗೆ ಹೇಳುವುದು ಸಂತಾಪ. ಊರಿನ ವಾಟ್ಸಾಪ್ ಗುಂಪೊಂದರಲ್ಲಿ, ತಂದೆಯನ್ನು ಕಳೆದುಕೊಂಡವರಿಗೆ ಒಬ್ಬರು ‘ನಿಮ್ಮ ತಂದೆಯವರ ನಿಧನಕ್ಕೆ ನಮ್ಮ ಪಶ್ಚಾತ್ತಾಪಗಳು’ ಎಂದು ಕಳಿಸಿದ್ದನ್ನು ನೋಡಿದ್ದೇನೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ವಾಕ್ಯ ಹೇಳುತ್ತಿರುವುದು ಆ ಸಾವಿಗೆ ತಾವೇ ಕಾರಣ ಎಂದು. ಅವರ ಕೆಳಗೆ ಮೂರು ಜನ ಅದನ್ನೇ ನಕಲು ಮಾಡಿ ಹಾಕಿದ್ದರು. ನೆನಪಿಡಲು ಸುಲಭ ದಾರಿ: ಇನ್ನೊಬ್ಬರ ನೋವಿನ ಜೊತೆ ನಿಲ್ಲುವುದಕ್ಕೆ ‘ಸಂ’, ನಮ್ಮದೇ ಕೃತ್ಯದ ಹಿಂದೆ ಬರುವುದಕ್ಕೆ ‘ಪಶ್ಚಾತ್’. ಸಂಶಯ ಬಂದರೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದು ಸುಮ್ಮನಿರಿ.

ವಿಷಾದ. ಇದರಲ್ಲಿ ಮಾಡಿದವನ ಗುರುತು ಇರಬೇಕೆಂದಿಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರು ಅರ್ಜುನ ವಿಷಾದ ಯೋಗ. ಅಲ್ಲಿ ಅರ್ಜುನ ಇನ್ನೂ ಒಂದು ಬಾಣವನ್ನೂ ಬಿಟ್ಟಿಲ್ಲ, ಎದುರಿಗೆ ನಿಂತವರನ್ನು ನೋಡಿ ಕುಸಿದಿದ್ದಾನೆ. ಏನನ್ನೂ ಮಾಡುವ ಮೊದಲೇ ಬರಬಲ್ಲದ್ದು ವಿಷಾದ. ಪಶ್ಚಾತ್ತಾಪ ಹಾಗೆ ಮುಂಚೆ ಬರಲಾರದು. ರೈಲು ತಡವಾದಾಗ ನಿಲ್ದಾಣದ ಧ್ವನಿವರ್ಧಕ ‘ವಿಷಾದಿಸುತ್ತೇವೆ’ ಎನ್ನುವುದು ಸರಿಯಾದ ಬಳಕೆ. ಹೆಂಡತಿಗೆ ಕೆಟ್ಟ ಮಾತು ಆಡಿದವನು ‘ವಿಷಾದಿಸುತ್ತೇನೆ’ ಎಂದರೆ ಅದು ನಿಲ್ದಾಣದ ಧ್ವನಿಯಂತೆಯೇ ಕೇಳಿಸುತ್ತದೆ. ಪತ್ರಿಕೆಯಲ್ಲೂ ಗಮನಿಸಿ: ‘ವಿಷಾದ ವ್ಯಕ್ತಪಡಿಸಿದ್ದಾರೆ’ ಎಂದಿದ್ದರೆ ತಪ್ಪು ಒಪ್ಪಿದ್ದಾರೆ ಎಂದರ್ಥವಲ್ಲ. ‘ಕ್ಷಮೆ ಯಾಚಿಸಿದ್ದಾರೆ’ ಎಂಬುದು ಬೇರೆ, ‘ತಪ್ಪೊಪ್ಪಿಕೊಂಡಿದ್ದಾರೆ’ ಎಂಬುದು ಇನ್ನೂ ಬೇರೆ. ಕಾಗುಣಿತದಲ್ಲಿ ಷ ಬರುತ್ತದೆ, ‘ವಿಶಾದ’ ತಪ್ಪು.

ಅನುತಾಪ ಮತ್ತು ಅನುಕಂಪ. ಅನುತಾಪ ಪಶ್ಚಾತ್ತಾಪದ ಒಡಹುಟ್ಟಿದ್ದೇ, ಆದರೆ ಇಂದು ಪುಸ್ತಕದ ಹೊರಗೆ ಅಪರೂಪ. ಅನುಕಂಪ ಎಂದರೆ ಕರುಣೆ. ಸರ್ಕಾರಿ ನೌಕರ ತೀರಿಕೊಂಡಾಗ ಮನೆಯವರಿಗೆ ಸಿಗುವುದು ‘ಅನುಕಂಪದ ಆಧಾರದ’ ನೌಕರಿ. ಅರ್ಜಿಯಲ್ಲಿ ‘ಅನುತಾಪದ ಆಧಾರದ ಮೇಲೆ’ ಎಂದು ಬರೆದು ತಂದವರನ್ನು ಕಂಡಿದ್ದೇನೆ.

ಪರಿತಾಪ ಎಂದರೆ ಸುತ್ತಲಿಂದಲೂ ಸುಡುವ ಸಂಕಟ. ತಪ್ಪು ಮಾಡಿಯೂ ಪರಿತಪಿಸಬಹುದು, ತಪ್ಪಿಲ್ಲದೆಯೂ ಪರಿತಪಿಸಬಹುದು. ಕತೆ ಬರೆಯುವವರಿಗೆ ಒಳ್ಳೆಯ ಪದ, ಅರ್ಜಿಗೆ ಬೇಡ.

ಪಾಪಪ್ರಜ್ಞೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಗ, ಊರಲ್ಲಿ ಒಬ್ಬಳೇ ಇರುವ ತಾಯಿಯನ್ನು ನೆನೆದು ಒಳಗೇ ಕೊರಗುತ್ತಾನೆ. ಅವನು ಮಾಡಿದ ತಪ್ಪೇನು? ಬೊಟ್ಟು ಮಾಡಿ ತೋರಿಸುವಂಥದ್ದು ಏನೂ ಇಲ್ಲ. ಆದರೂ ಮನಸ್ಸು ತಾನೇ ತಪ್ಪಿತಸ್ಥ ಎನ್ನುತ್ತದೆ. ಅದು ಪಾಪಪ್ರಜ್ಞೆ. ಪಶ್ಚಾತ್ತಾಪಕ್ಕೆ ಒಂದು ದಿನ, ಒಂದು ಕೃತ್ಯ ಇರುತ್ತದೆ. ಪಾಪಪ್ರಜ್ಞೆಗೆ ತಾರೀಖು ಇರುವುದಿಲ್ಲ. ಇಂಥ ಮಕ್ಕಳು ತಾಯಿಗೆ ಪತ್ರ ಬರೆಸಲು ಬಂದಾಗ ‘ಪಶ್ಚಾತ್ತಾಪ’ ಬರೆಯಬೇಡಿ ಎನ್ನುತ್ತೇನೆ. ಓದಿದ ತಾಯಿ, ಮಗ ಏನು ಮಾಡಿಕೊಂಡನೋ ಎಂದು ಗಾಬರಿಯಾಗುತ್ತಾಳೆ. ‘ನಿನ್ನನ್ನು ಬಿಟ್ಟು ಬಂದದ್ದು ಮನಸ್ಸಿಗೆ ಕೊರೆಯುತ್ತದೆ ಅಮ್ಮ’ ಎಂದರೆ ಸಾಕು.

ಪ್ರಾಯಶ್ಚಿತ್ತ ಭಾವನೆಯಲ್ಲ, ಕೆಲಸ. ಪಶ್ಚಾತ್ತಾಪವನ್ನು ಪಡುತ್ತೇವೆ, ಪ್ರಾಯಶ್ಚಿತ್ತವನ್ನು ಮಾಡಿಕೊಳ್ಳುತ್ತೇವೆ. ಹರಕೆ ಮರೆತವರು ದೇವರ ಮುಂದೆ ಗಲ್ಲ ಬಡಿದುಕೊಂಡು ‘ತಪ್ಪಾಯ್ತು’ ಎನ್ನುವುದು ಪಶ್ಚಾತ್ತಾಪ. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ತಪ್ಪು ಕಾಣಿಕೆ ಒಪ್ಪಿಸುವುದು ಪ್ರಾಯಶ್ಚಿತ್ತ. ‘ಪಶ್ಚಾತ್ತಾಪಕ್ಕಿಂತ ದೊಡ್ಡ ಪ್ರಾಯಶ್ಚಿತ್ತವಿಲ್ಲ’ ಎಂಬ ಮಾತು ಕೇಳಿ ಮಕ್ಕಳು ಎರಡೂ ಒಂದೇ ಎಂದುಕೊಳ್ಳುತ್ತಾರೆ. ಎರಡೂ ಒಂದೇ ಆಗಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ. ಬರೆಯುವಾಗ ಪ್ರಾಯಶ್ಚಿತ್ತದ ಕೊನೆಯಲ್ಲಿ ‘ತ್ತ’ ಇರುವುದನ್ನು ಮರೆಯಬೇಡಿ.

ಹಂತ 4: ಸರಿಯಾದ ಕ್ರಿಯಾಪದ, ಸರಿಯಾದ ವಿಭಕ್ತಿ

ಪಶ್ಚಾತ್ತಾಪದ ಜೊತೆ ಹೋಗುವ ಕ್ರಿಯಾಪದ ಮುಖ್ಯವಾಗಿ ಎರಡು. ‘ನಾನು ಪಶ್ಚಾತ್ತಾಪ ಪಟ್ಟೆ’, ‘ನನಗೆ ಪಶ್ಚಾತ್ತಾಪವಾಯಿತು’. ಮೊದಲನೆಯದರಲ್ಲಿ ನೀವು ಹೊಣೆ ಹೊತ್ತು ಮಾತಾಡುತ್ತೀರಿ, ಎರಡನೆಯದರಲ್ಲಿ ಭಾವನೆ ತಾನಾಗಿ ಬಂತು ಎನ್ನುತ್ತೀರಿ. ಕ್ಷಮೆ ಕೇಳುವ ಪತ್ರಕ್ಕೆ ಮೊದಲನೆಯದೇ ಆಗಬೇಕು. ‘ಪಶ್ಚಾತ್ತಾಪ ಮಾಡಿದೆ’ ಎನ್ನುವುದು ಕಿವಿಗೆ ಒಗ್ಗುವುದಿಲ್ಲ. ‘ಪಶ್ಚಾತ್ತಾಪ ವ್ಯಕ್ತಪಡಿಸುತ್ತೇನೆ’ ಎಂಬುದು ವರದಿಯ ಭಾಷೆ, ನಿಮ್ಮ ಬಗ್ಗೆ ಬೇರೆಯವರು ಬರೆಯಬೇಕಾದ್ದು.

ಯಾವುದಕ್ಕೆ ಎಂಬುದನ್ನು ಚತುರ್ಥಿಯಲ್ಲಿ ಹೇಳಿ: ‘ಸುಳ್ಳು ಹೇಳಿದ್ದಕ್ಕೆ’, ‘ಆ ತಪ್ಪಿಗೆ’. ‘ಅವನ ಮೇಲೆ ಪಶ್ಚಾತ್ತಾಪ ಬಂತು’ ಎಂದು ಬರೆದರೆ ತಪ್ಪು. ಇನ್ನೊಬ್ಬರ ಮೇಲೆ ಬರುವುದು ಕನಿಕರ, ಮರುಕ.

ಕಾಲವನ್ನೂ ನೋಡಿ. ‘ನಾಳೆ ಶಾಲೆಗೆ ಬರಲಾಗದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆ’ ಎಂದು ರಜಾ ಅರ್ಜಿ ಕೊಟ್ಟ ಮಕ್ಕಳಿದ್ದಾರೆ. ನಾಳೆಯದು ಇನ್ನೂ ನಡೆದಿಲ್ಲ, ಆಮೇಲಿನ ಬೇಗೆ ಇವತ್ತೇ ಎಲ್ಲಿಂದ ಬರಬೇಕು? ‘ಮುಂದೆ ಪಶ್ಚಾತ್ತಾಪ ಪಡ್ತೀಯ’ ಎಂಬ ಎಚ್ಚರಿಕೆ ಮಾತ್ರ ಸರಿ. ಅದು ಮುಂದೆ ಹೋಗಿ ನಿಂತು ತಿರುಗಿ ನೋಡುವ ಮಾತು.

ಅಲಂಕಾರಕ್ಕೂ ಒಂದು ಲೆಕ್ಕ ಇದೆ. ತಾಪ ಬೆಂಕಿಯ ಪದ. ಹಾಗಾಗಿ ‘ಪಶ್ಚಾತ್ತಾಪದಲ್ಲಿ ಬೆಂದ’, ‘ಪಶ್ಚಾತ್ತಾಪ ಅವನನ್ನು ಸುಟ್ಟಿತು’ ಹೊಂದುತ್ತವೆ. ‘ಪಶ್ಚಾತ್ತಾಪದಲ್ಲಿ ಮುಳುಗಿದ’ ಎಂದರೆ ನನಗೆ ಸರಿ ಕಾಣುವುದಿಲ್ಲ. ಮುಳುಗಲು ದುಃಖ ಇದೆ, ಚಿಂತೆ ಇದೆ.

ಪರೀಕ್ಷೆಯಲ್ಲಿ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಕೇಳಿದಾಗ ‘ನನಗೆ ಪಶ್ಚಾತ್ತಾಪ ಇದೆ’ ಎಂದು ಬರೆದರೆ ಅರ್ಥ ಗೊತ್ತಿದೆ ಎಂದು ತೋರಿಸಿದಂತಾಗುವುದಿಲ್ಲ. ಕೃತ್ಯವೂ ವಾಕ್ಯದೊಳಗೆ ಬರಲಿ: ‘ಗೆಳತಿಯ ಪುಸ್ತಕ ಹರಿದು ಸುಮ್ಮನಿದ್ದುದಕ್ಕೆ ಸುಮಾ ಪಶ್ಚಾತ್ತಾಪ ಪಟ್ಟಳು.’

ಹಂತ 5: ಬಾಯಿಮಾತಿಗೆ ಈ ಪದ ಬೇಕೇ ಎಂದು ಕೇಳಿಕೊಳ್ಳಿ

ಮಂಡ್ಯ ಸೀಮೆಯಲ್ಲಿ ಯಾರೂ ಎದುರು ಕೂತು ‘ನಾನು ಪಶ್ಚಾತ್ತಾಪ ಪಡುತ್ತಿದ್ದೇನೆ’ ಎನ್ನುವುದಿಲ್ಲ. ಅಂದರೆ ನಾಟಕದ ಮಾತಿನಂತೆ ಇರುತ್ತದೆ. ‘ತಪ್ಪಾಯ್ತು ಕಣಣ್ಣೋ’, ‘ಯಾಕಾರ ಅಂದ್ನೋ ಅನ್ನುಸ್ತದೆ’, ‘ಅಂಗ್ ಮಾಡ್ಬಾರ್ದಿತ್ತು ಕಣವ್ವ, ನಿದ್ದೆನೇ ಬರ್ನಿಲ್ಲ’ ಎನ್ನುತ್ತಾರೆ. ಇವುಗಳಲ್ಲಿ ಪದ ಇಲ್ಲ, ಪದದ ಅರ್ಥ ಪೂರ್ತಿ ಇದೆ. ಬಾಯಲ್ಲಿ ಹೇಳಲು ಅವಕಾಶ ಇದ್ದರೆ ಹೀಗೇ ಹೇಳಿ. ‘ಬೇಜಾರಾಯ್ತು’ ಮಾತ್ರ ಬೇಡ. ಸಿನಿಮಾ ಟಿಕೆಟ್ ಸಿಗದಿದ್ದರೂ ಬೇಜಾರಾಗುತ್ತದೆ. ‘ಸಾರಿ’ ಕಾಲು ತುಳಿದದ್ದಕ್ಕೆ ಸಾಕು, ಮನಸ್ಸು ತುಳಿದದ್ದಕ್ಕೆ ಸಾಲದು.

ಹಂತ 6: ಪತ್ರಕ್ಕೆ ಇಳಿಸಿ

ಒಂದು ಸಂಜೆ ಐವತ್ತರ ಆಸುಪಾಸಿನ ರೈತರೊಬ್ಬರು ಬಂದರು. ಅಣ್ಣನ ಜೊತೆ ಮಾತು ಬಿಟ್ಟು ವರ್ಷವಾಗಿತ್ತು. ಕಾಲೇಜಿಗೆ ಹೋಗುವ ಮಗಳ ಕೈಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿತ್ತು: ‘ನಮ್ಮಿಬ್ಬರ ನಡುವೆ ಕೆಲವು ಭಿನ್ನಾಭಿಪ್ರಾಯಗಳು ಉಂಟಾಗಿದ್ದು, ಅದರಿಂದ ತಮಗೆ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ.’ ಅಕ್ಷರ ಒಂದೂ ತಪ್ಪಿರಲಿಲ್ಲ.

‘ಏನಾಯ್ತು?’ ಎಂದೆ. ‘ನೀರಿನ್ ವಿಸ್ಯ ಬಂತು ಮೇಷ್ಟ್ರೆ, ಮಾತ್ಗೆ ಮಾತು ಬೆಳೀತು, ಅಂಗಾಗೋಯ್ತು.’ ಬಂತು, ಬೆಳೀತು, ಆಗೋಯ್ತು. ಮೂರರಲ್ಲೂ ಅವರು ಇಲ್ಲ. ‘ಸರಿ, ನೀವು ಏನು ಮಾಡಿದ್ರಿ?’ ಎಂದು ಕೇಳಿದೆ. ಬಹಳ ಹೊತ್ತು ಟವೆಲಿನ ಅಂಚು ಸುತ್ತುತ್ತಾ ಕೂತಿದ್ದರು. ‘ಅವನ್ ಸರದಿ ರಾತ್ರಿ ತೂಬ್ನ ನನ್ ಗದ್ದೆಗೆ ತಿರುಗುಸ್ಕಬುಟ್ಟೆ. ಬೆಳಿಗ್ಗೆ ಕೇಳ್ದಾಗ ನಂಗೊತ್ತಿಲ್ಲ ಅಂದ್ಬುಟ್ಟೆ.’ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಿದ್ದ ಕಾಲ. ಒಂದು ಸರದಿ ತಪ್ಪಿದರೆ ಮುಂದಿನ ಕಟ್ಟಿನವರೆಗೆ ಕಾಯಬೇಕು. ಹೊಡೆ ಕಟ್ಟುವ, ಅಂದರೆ ತೆನೆ ಬರುವ, ಹೊತ್ತಿಗೆ ಅಣ್ಣನ ಪೈರು ಒಣಗಿತ್ತು.

ಅವರು ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಂಡೆ, ಅನುಕ್ರಮ ಮಾತ್ರ ನನ್ನದು. ಮೊದಲು ಮಾಡಿದ್ದು, ಆಮೇಲೆ ಬಾರದಿತ್ತು, ಆಮೇಲೆ ಪಶ್ಚಾತ್ತಾಪ, ಅದರ ಹಿಂದೆ ತಿದ್ದಿಕೊಳ್ಳುವ ಕೆಲಸ, ಕಟ್ಟಕಡೆಗೆ ಕ್ಷಮೆ. ಕ್ಷಮೆ ಮೊದಲು ಬಂದರೆ ಓದುವವರು ಯಾವುದಕ್ಕೆ ಎಂದು ತಿಳಿಯುವ ಮುಂಚೆಯೇ ಕೊಡಬೇಕಾಗುತ್ತದೆ.

ನಾನು ‘ಪೂಜ್ಯ ಅಣ್ಣನವರಿಗೆ’, ‘ತಾವು’ ಎಂದು ಶುರು ಮಾಡಿದ್ದೆ. ಓದಿ ಹೇಳಿದಾಗ ಅವರೇ ತಡೆದರು: ‘ನಮ್ಮಣ್ಣಂಗೆ ನಾನ್ಯಾವತ್ತೂ ನೀವು ಅಂದೋನಲ್ಲ ಮೇಷ್ಟ್ರೆ. ಇವತ್ತು ಅಂದ್ರೆ ದೂರ ಮಾಡ್ದಂಗಾಯ್ತದೆ.’ ಅವರು ಹೇಳಿದ್ದೇ ಸರಿ. ಬದಲಾಯಿಸಿದೆವು:

‘ಅಣ್ಣನಿಗೆ ನಿನ್ನ ತಮ್ಮ ಮಾಡುವ ನಮಸ್ಕಾರ. ಹೋದ ಬೇಸಿಗೆ ಬೆಳೆಯಲ್ಲಿ ನಿನ್ನ ಸರದಿ ರಾತ್ರಿ ತೂಬನ್ನು ನಾನೇ ನನ್ನ ಗದ್ದೆಗೆ ತಿರುಗಿಸಿಕೊಂಡೆ. ಬೆಳಿಗ್ಗೆ ನೀನು ಕೇಳಿದಾಗ ಗೊತ್ತಿಲ್ಲ ಎಂದು ಸುಳ್ಳು ಹೇಳಿದೆ. ಎರಡನ್ನೂ ನಾನು ಮಾಡಬಾರದಿತ್ತು. ನಿನ್ನ ಗದ್ದೆ ಬದುವಿನ ಮೇಲೆ ಹೋಗುವಾಗೆಲ್ಲ ಪಶ್ಚಾತ್ತಾಪ ಪಡುತ್ತಿದ್ದೇನೆ. ಈ ಸಲದ ನನ್ನ ಮೊದಲ ಸರದಿ ನೀರು ನಿನಗೆ. ತಪ್ಪಾಯ್ತು ಅಣ್ಣ, ಕ್ಷಮಿಸು.’

ಪಶ್ಚಾತ್ತಾಪ ಎಂಬ ಪದ ಒಂದೇ ಸಲ ಬಂದಿದೆ ನೋಡಿ. ಒಂದು ಪತ್ರಕ್ಕೆ ಒಂದೇ ಸಾಕು. ಎರಡನೆಯ ಸಲ ಬರೆದರೆ ಮೊದಲನೆಯದರ ಬಿಸಿ ಆರುತ್ತದೆ.

ಕಳಿಸುವ ಮೊದಲು ನೋಡಬೇಕಾದ ಅಪಾಯದ ಗುರುತುಗಳು

‘ನೋವಾಗಿದ್ದರೆ’, ‘ತಪ್ಪಾಗಿದ್ದಲ್ಲಿ’. ‘ರೆ’, ‘ಅಲ್ಲಿ’ ಕಂಡರೆ ಹೊಡೆದುಹಾಕಿ. ನೋವಾಗಿದೆ ಎಂದು ಗೊತ್ತಿದ್ದೇ ತಾನೇ ಬರೆಯುತ್ತಿರುವುದು.

‘ಆದರೆ’. ಪಶ್ಚಾತ್ತಾಪದ ಸಾಲಿನ ಹಿಂದೆಯೇ ‘ಆದರೆ ನೀನೂ’ ಎಂದು ಬಂದರೆ ಪತ್ರ ಅಲ್ಲಿಗೆ ಜಗಳವಾಗುತ್ತದೆ. ಅಣ್ಣನ ತಪ್ಪೂ ಇರಬಹುದು. ಅದನ್ನು ಅಣ್ಣನೇ ಬರೆಯಲಿ.

ಇಡೀ ಪತ್ರದಲ್ಲಿ ‘ಆಯಿತು, ಉಂಟಾಯಿತು, ನಡೆಯಿತು’ ಮಾತ್ರ ಇದ್ದು, ‘ಮಾಡಿದೆ, ಅಂದೆ, ಕೊಟ್ಟೆ, ಬಿಟ್ಟೆ’ ಒಂದೂ ಇಲ್ಲದಿದ್ದರೆ ಎರಡನೆಯ ಹಂತಕ್ಕೆ ವಾಪಸ್ ಹೋಗಿ.

‘ತೀವ್ರವಾದ’, ‘ಹೃತ್ಪೂರ್ವಕ’ ಮುಂತಾದ ವಿಶೇಷಣಗಳು. ಹೃತ್ಪೂರ್ವಕ ಧನ್ಯವಾದಕ್ಕೆ, ಅಭಿನಂದನೆಗೆ ಸಲ್ಲುವ ಪದ. ಪಶ್ಚಾತ್ತಾಪಕ್ಕೆ ಅದನ್ನು ಕಟ್ಟಿದರೆ ಸಮಾರಂಭದ ಮಾತಾಗುತ್ತದೆ.

ಕಚೇರಿ, ಪೊಲೀಸ್ ಠಾಣೆ, ಕೋರ್ಟು ಇವುಗಳಿಗೆ ಕೊಡುವ ಕಾಗದದ ವಿಚಾರ ಬೇರೆಯೇ. ಕಾರಣ ಕೇಳಿ ಬಂದ ನೋಟಿಸಿಗೆ ಕೊಡುವುದು ಸಮಜಾಯಿಷಿ. ಅಲ್ಲಿ ನಿಮ್ಮ ತಪ್ಪೇ ಇಲ್ಲದಿದ್ದರೆ ‘ಪಶ್ಚಾತ್ತಾಪ ಪಡುತ್ತೇನೆ’ ಎಂದು ಅಪ್ಪಿತಪ್ಪಿಯೂ ಬರೆಯಬೇಡಿ. ಅದನ್ನು ತಪ್ಪೊಪ್ಪಿಗೆ ಎಂದು ಓದಬಹುದು. ಮುಚ್ಚಳಿಕೆ ಎಂದರೆ ಇನ್ನು ಮುಂದೆ ಹೀಗೆ ನಡೆದುಕೊಳ್ಳುತ್ತೇನೆ ಎಂದು ಬರೆದುಕೊಡುವುದು, ಕ್ಷಮಾಪಣೆ ಪತ್ರ ಅದಲ್ಲ. ಕೇಸು ನಡೆಯುತ್ತಿದ್ದರೆ ಎದುರು ಪಾರ್ಟಿಗೆ ಯಾವ ಪತ್ರ ಕೊಡುವುದಕ್ಕೂ ಮೊದಲು ನಿಮ್ಮ ವಕೀಲರಿಗೆ ತೋರಿಸಿ.

ಬರೆದ ಮೇಲೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಗಟ್ಟಿಯಾಗಿ ಓದಿ. ಓದುವಾಗ ನಾಲಿಗೆ ತಡವರಿಸುವ ಜಾಗದಲ್ಲಿ ಪದ ನಿಮ್ಮದಲ್ಲ, ಎಲ್ಲಿಂದಲೋ ತಂದದ್ದು. ಅಲ್ಲಿ ಮನೆಯಲ್ಲಿ ಆಡುವ ಮಾತನ್ನೇ ಇಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಒಬ್ಬರಿಗೇ ಕಳಿಸಿ, ಗುಂಪಿನಲ್ಲಿ ಬೇಡ. ಕಳಿಸಿದ ಮೇಲೆ ನೀಲಿ ಗೆರೆ ಬಂತೇ ಎಂದು ನೋಡುತ್ತಾ ‘ಓದಿದ್ರಾ’ ಎಂದು ಇನ್ನೊಂದು ಮೆಸೇಜು ಹಾಕಬೇಡಿ. ಸಾಧ್ಯವಾದರೆ ಕಾಗದದಲ್ಲಿ ಬರೆದು ನೀವೇ ಹೋಗಿ ಕೊಡಿ. ಆ ರೈತರು ನಾನು ಬರೆದ ಹಾಳೆಯನ್ನು ಒಯ್ಯಲಿಲ್ಲ. ನಿಧಾನವಾಗಿ, ಒಂದೊಂದಕ್ಷರ ಕೂಡಿಸಿ, ಬೇರೆ ಹಾಳೆಗೆ ತಮ್ಮ ಕೈಯಲ್ಲೇ ಇಳಿಸಿಕೊಂಡರು. ‘ತ್ತಾ’ ಹತ್ತಿರ ಬಂದಾಗ ತಲೆ ಎತ್ತಿ, ‘ಇಲ್ಲಿ ಎರಡು ತ ಅಲ್ವಾ ಮೇಷ್ಟ್ರೆ?’ ಎಂದು ಕೇಳಿದರು.